ಸ್ಟೆಂಟ್, ಬಲೂನ್, ಕ್ಯಾಥೆಟರ್ ರೀಕಾಲ್: ಪದೇ ಪದೇ ಕೇಳುವ ಪ್ರಶ್ನೆಗಳು

ರಕ್ತನಾಳದೊಳಗೆ ಕೊಳವೆ ತೂರಿಸಿ ಚಿಕಿತ್ಸೆ ಮಾಡುವ ಒಂದು ಕ್ಯಾತ್ ಲ್ಯಾಬ್‌ನ ಸ್ಟೋರ್ ನೋಡಿಕೊಳ್ಳುವ ಕೆಲಸದಲ್ಲಿ ಹನ್ನೊಂದು ವರ್ಷ ಇದ್ದೆ. ನಾನು ಡಾಕ್ಟರ್ ಅಲ್ಲ. ಆದರೆ ಬೀರುವಿನಲ್ಲಿ ಯಾವ ಡಬ್ಬಿ ಎಲ್ಲಿದೆ, ಯಾವುದನ್ನು ವಾಪಸ್ ಕಳಿಸಬೇಕು ಅನ್ನುವುದು ನನ್ನ ತಲೆನೋವಾಗಿತ್ತು. ಅಲ್ಲಿಂದ ಬಿಟ್ಟ ಮೇಲೂ ನೆಂಟರು, ಪರಿಚಯದವರು ಕೇಳುವುದು ಇದನ್ನೇ. ಹೆಚ್ಚು ಬಂದ ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಔಷಧ, ಚಿಕಿತ್ಸೆ ಬದಲಿಸುವ ಮಾತು ಮಾತ್ರ ನಿಮ್ಮ ಡಾಕ್ಟರ್ ಹತ್ತಿರವೇ ಆಗಲಿ.

## ಮೊದಲು ಕೇಳುವ ಪ್ರಶ್ನೆಗಳು

ರೀಕಾಲ್ ಅಂದ್ರೆ ಏನ್ ಸಾರ್? ಒಳಗೆ ಹಾಕಿರೋ ಸ್ಟೆಂಟ್ ವಾಪಸ್ ತೆಗೀತಾರಾ?

ಇಲ್ಲ. ಈ ಹೆದರಿಕೆ ಎಲ್ಲರಿಗೂ ಇದೆ. ಕಾರಿನ ಬ್ರೇಕ್ ಕೆಟ್ಟಿದೆ ಅಂತ ಕಂಪನಿ ಕಾರನ್ನು ಕರೆಸಿಕೊಳ್ಳುತ್ತದಲ್ಲ, ಹಾಗೇ ಇದೂ ಅಂದುಕೊಳ್ಳುತ್ತಾರೆ. ಆದರೆ ಸ್ಟೆಂಟ್ (ರಕ್ತನಾಳ ಮುಚ್ಚದಂತೆ ಒಳಗೆ ಕೂರಿಸುವ ಬಲೆಯಂಥ ಕೊಳವೆ) ಹಾಕಿ ಕೆಲವು ವಾರ ಕಳೆದರೆ ರಕ್ತನಾಳದ ಒಳಪದರ ಅದರ ಮೇಲೆ ಬೆಳೆಯುತ್ತದೆ. ಗೋಡೆಗೆ ಹೊಡೆದ ಮೊಳೆ ಮೇಲೆ ಗಾರೆ ಮೆತ್ತಿದ ಹಾಗೆ. ಅದನ್ನು ಕೀಳುವುದು ಬಿಡುವುದಕ್ಕಿಂತ ಅಪಾಯ.

ರೀಕಾಲ್ ಬಹುಪಾಲು ನಡೆಯುವುದು ಬೀರುವಿನಲ್ಲಿ. ಇನ್ನೂ ಬಳಸದ ಡಬ್ಬಿಗಳನ್ನು ಹುಡುಕಿ, ಬೇರೆ ಇಟ್ಟು, ಕಂಪನಿಗೆ ವಾಪಸ್ ಕಳಿಸುತ್ತಾರೆ. ಕೆಲವು ರೀಕಾಲ್‌ಗಳಲ್ಲಿ ಒಂದು ಡಬ್ಬಿಯೂ ವಾಪಸ್ ಹೋಗುವುದಿಲ್ಲ. 2024ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪ್ರಕಟಿಸಿದ ಇಂಪೆಲ್ಲಾ ರೀಕಾಲ್ ಅಂಥದ್ದು. ಅದು ಹೃದಯಕ್ಕೆ ಆಸರೆಯಾಗಿ ರಕ್ತನಾಳದ ಮೂಲಕ ತೂರಿಸುವ ಪುಟ್ಟ ಪಂಪು. ತೂರಿಸುವಾಗ ಹೃದಯದ ಗೋಡೆ ತೂತಾಗಬಹುದು ಅನ್ನುವುದು ದೂರು. 49 ಸಾವು ವರದಿಯಾಗಿತ್ತು, 66,390 ಪಂಪುಗಳು ಲೆಕ್ಕಕ್ಕೆ ಬಂದವು. ಆದರೂ ಬದಲಾಗಿದ್ದು ಬಳಸುವ ಸೂಚನೆಯ ಪುಸ್ತಕ, ಪಂಪಲ್ಲ. ಅದಕ್ಕೂ ರೀಕಾಲ್ ಅಂತಲೇ ಹೆಸರು.

ಇದೆಲ್ಲ ಬರೀ ಹಾರ್ಟ್ ಸ್ಟೆಂಟ್ ವಿಷಯ ಅಲ್ವಾ?

ಅಲ್ಲ. ತೊಡೆ ಅಥವಾ ಮಣಿಕಟ್ಟಿನ ಹತ್ತಿರ ರಕ್ತನಾಳಕ್ಕೆ ಸೂಜಿ ಹಾಕಿ, ಒಳಗೆ ತಂತಿ (ಗೈಡ್‌ವೈರ್), ಕೊಳವೆ (ಕ್ಯಾಥೆಟರ್) ತೂರಿಸಿ ಮಾಡುವ ಕೆಲಸವೆಲ್ಲ ಇದರಲ್ಲಿ ಬರುತ್ತದೆ. ಕಾಲಿನ ರಕ್ತನಾಳ ಬಿಡಿಸುವ ಬಲೂನ್, ಮಿದುಳಿನ ಹೆಪ್ಪು ಎಳೆಯುವ ಕ್ಯಾಥೆಟರ್, ಅಯೋರ್ಟಾ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಉಬ್ಬಿದಾಗ ಹಾಕುವ ಗ್ರಾಫ್ಟ್, ಎಲ್ಲವೂ ಸೇರಿ. ಹಾಕಿ ಬಿಡುವ ಸ್ಟೆಂಟ್‌ಗಿಂತ, ತೂರಿಸಿ ವಾಪಸ್ ತೆಗೆಯುವ ಕೊಳವೆ ಮತ್ತು ತಂತಿಗಳ ರೀಕಾಲ್ ನೋಟಿಸೇ ನನ್ನ ಟೇಬಲ್‌ಗೆ ಜಾಸ್ತಿ ಬಂದಿದ್ದು.

ನಮ್ಮಪ್ಪನಿಗೆ ಹಾಕಿರೋದು ರೀಕಾಲ್ ಆಗಿದೆಯಾ ಇಲ್ವಾ ಅಂತ ಹೇಗೆ ತಿಳ್ಕೊಳ್ಳೋದು?

ಬ್ರ್ಯಾಂಡ್ ಹೆಸರು ಗೊತ್ತಿದ್ದರೆ ಸಾಲದು. ಲಾಟ್ ನಂಬರ್ ಬೇಕು, ಅಂದರೆ ಒಟ್ಟಿಗೆ ತಯಾರಾದ ಒಂದು ಕಂತಿನ ಗುರುತು. ಬ್ಯಾಚ್ ನಂಬರ್ ಅಂದರೂ ಅದೇ. ಒಂದೇ ಬ್ರ್ಯಾಂಡಿನಲ್ಲಿ ಸಾವಿರಾರು ಲಾಟ್ ಇರುತ್ತವೆ. ರೀಕಾಲ್ ಅನೇಕ ಬಾರಿ ಅದರಲ್ಲಿ ಕೆಲವಕ್ಕೆ ಮಾತ್ರ.

ಸ್ಟೆಂಟ್ ಡಬ್ಬಿಯಲ್ಲಿ ಸಿಪ್ಪೆಯಂತೆ ಕೀಳುವ ಮೂರು ನಾಲ್ಕು ಸ್ಟಿಕ್ಕರ್ ಇರುತ್ತವೆ. ನಮ್ಮಲ್ಲಿ ಒಂದು ಕೇಸ್ ಶೀಟ್‌ಗೆ, ಒಂದು ಬಿಲ್ಲಿಗೆ, ಒಂದು ಸ್ಟೋರ್ ರಿಜಿಸ್ಟರ್‌ಗೆ ಹೋಗುತ್ತಿತ್ತು. ಉಳಿದದ್ದು ರೋಗಿಯ ಕಾರ್ಡಿಗೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಚೀಟಿ. ಅದರಲ್ಲಿ ಹೆಸರು, ಅಳತೆ (3.0 × 28 ಅಂತ ಇದ್ದರೆ 3 ಮಿಲಿಮೀಟರ್ ಅಗಲ, 28 ಮಿಲಿಮೀಟರ್ ಉದ್ದ), ಲಾಟ್ ನಂಬರ್, ಎಕ್ಸ್‌ಪೈರಿ ಎಲ್ಲ ಇರುತ್ತದೆ. ಅದರ ಫೋಟೋ ತೆಗೆದು ಮನೆಯ ಇಬ್ಬರ ಫೋನಿನಲ್ಲಾದರೂ ಇಡಿ.

ಬಿಲ್ಲೂ ಕೆಲಸಕ್ಕೆ ಬರುತ್ತದೆ. 2017ರ ಫೆಬ್ರವರಿಯಲ್ಲಿ ಔಷಧ ಬೆಲೆ ನಿಗದಿ ಮಾಡುವ ಕೇಂದ್ರದ ಪ್ರಾಧಿಕಾರ ಎನ್‌ಪಿಪಿಎ ಹಾರ್ಟ್ ಸ್ಟೆಂಟ್ ಬೆಲೆಗೆ ಮಿತಿ ಹಾಕಿತಲ್ಲ, ಔಷಧ ಲೇಪಿತ ಸ್ಟೆಂಟ್‌ಗೆ 29,600 ರೂಪಾಯಿ ಅಂತ. ಎಲ್ಲರಿಗೂ ನೆನಪಿರುವುದು ಆ ಬೆಲೆ. ಅದೇ ಆದೇಶದಲ್ಲಿ ಇನ್ನೊಂದು ಸಾಲಿತ್ತು: ಆಸ್ಪತ್ರೆ ಬಿಲ್ಲಿನಲ್ಲಿ ಸ್ಟೆಂಟನ್ನು ಪ್ರತ್ಯೇಕ ತೋರಿಸಿ ಬ್ರ್ಯಾಂಡ್, ಕಂಪನಿ, ಬ್ಯಾಚ್ ನಂಬರ್ ಬರೆಯಬೇಕು. ನನ್ನ ಮಟ್ಟಿಗೆ ಆ ಸಾಲಿನ ಬೆಲೆಯೇ ಜಾಸ್ತಿ.

ಕಾರ್ಡೂ ಇಲ್ಲ, ಬಿಲ್ಲೂ ಇಲ್ಲ. ಮನೆ ಬದಲಾಯಿಸುವಾಗ ಎಲ್ಲ ಹೋಯ್ತು. ಈಗ?

ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಒಂದು ಅರ್ಜಿ ಬರೆಯಿರಿ. ಐಪಿ ನಂಬರ್ (ಒಳರೋಗಿ ಸಂಖ್ಯೆ) ಇಲ್ಲದಿದ್ದರೆ ಅಡ್ಮಿಟ್ ಆದ ತಿಂಗಳು, ವರ್ಷ ಹಾಕಿ. ಡಿಸ್ಚಾರ್ಜ್ ಸಮರಿ ಮಾತ್ರ ಕೇಳಬೇಡಿ. ಅದರಲ್ಲಿ ಅನೇಕ ಸಲ ಬ್ರ್ಯಾಂಡ್, ಅಳತೆ ಇರುತ್ತದೆ, ಲಾಟ್ ಇರುವುದಿಲ್ಲ. "ಸ್ಟಿಕ್ಕರ್ ಅಂಟಿಸಿದ ಪುಟದ ಜೆರಾಕ್ಸ್ ಕೊಡಿ" ಅಂತ ಬಿಡಿಸಿ ಹೇಳಿ. ವಿಮೆ ಅಥವಾ ಸರ್ಕಾರಿ ಯೋಜನೆಯಲ್ಲಿ ಆಗಿದ್ದರೆ ಕ್ಲೇಮ್ ಫೈಲಿನಲ್ಲೂ ಸ್ಟಿಕ್ಕರ್ ಇರುವ ಸಾಧ್ಯತೆ ಇದೆ. ತಡ ಮಾಡಬೇಡಿ, ಆಸ್ಪತ್ರೆಗಳು ಹಳೇ ಫೈಲುಗಳನ್ನು ಕೊನೆತನಕ ಇಟ್ಟುಕೊಂಡು ಕೂರುವುದಿಲ್ಲ.

ರೀಕಾಲ್ ಅಂತ ವಾಟ್ಸಾಪಲ್ಲಿ ಬಂತು. ಮಾತ್ರೆ ನಿಲ್ಲಿಸಿಬಿಡಲಾ?

ದಯವಿಟ್ಟು ಬೇಡ. ಸ್ಟೆಂಟ್ ಹಾಕಿದ ಮೇಲೆ ಕೊಡುವ ರಕ್ತ ತೆಳು ಮಾಡುವ ಮಾತ್ರೆಯನ್ನು ತಾವಾಗಿ ನಿಲ್ಲಿಸಿದರೆ ಸ್ಟೆಂಟಿನೊಳಗೆ ಹೆಪ್ಪುಗಟ್ಟಬಹುದು. ಸಂದೇಶ ಬಂದರೆ ಡಾಕ್ಟರಿಗೆ ಫೋನ್ ಮಾಡಿ, ಮಾತ್ರೆ ನುಂಗಿಕೊಂಡೇ ಮಾಡಿ.

## ಕೆಡುವುದು ಏನು, ಹೇಗೆ

ಇಷ್ಟು ದುಡ್ಡು ಕೊಟ್ಟು ತರಿಸೋ ಸಾಮಾನು. ಅದರಲ್ಲಿ ಕೆಡೋದಾದ್ರೂ ಏನು?

ನಾನು ಕಂಡಂತೆ ದೊಡ್ಡ ರೀಕಾಲ್‌ಗಳ ಕಾರಣ ತೀರಾ ಸಣ್ಣದು. ಬಲೂನು ಕುಗ್ಗಲಿಲ್ಲ. ತುದಿ ಮುರಿಯಿತು. ಲೇಪನ ಸುಲಿಯಿತು.

2004ರ ಜುಲೈನಲ್ಲಿ ಬೋಸ್ಟನ್ ಸೈಂಟಿಫಿಕ್ ಸುಮಾರು 85,000 ಟ್ಯಾಕ್ಸಸ್ ಸ್ಟೆಂಟ್‌ಗಳನ್ನು ವಾಪಸ್ ಕರೆಸಿತು. ಸ್ಟೆಂಟಿನಲ್ಲಿ ದೋಷ ಇರಲಿಲ್ಲ. ಅದನ್ನು ಹೊತ್ತೊಯ್ಯುವ ಬಲೂನಿನಲ್ಲಿತ್ತು. ಸ್ಟೆಂಟ್ ಒಂದು ಕುಗ್ಗಿದ ಬಲೂನಿನ ಮೇಲೆ ಕೂತಿರುತ್ತದೆ. ಸರಿಯಾದ ಜಾಗಕ್ಕೆ ಹೋದ ಮೇಲೆ ಬಲೂನಿಗೆ ಕಾಂಟ್ರಾಸ್ಟ್ (ಎಕ್ಸ್-ರೇಯಲ್ಲಿ ಕಾಣುವ ದ್ರವ) ಬೆರೆಸಿದ ದ್ರವ ತುಂಬಿ ಉಬ್ಬಿಸುತ್ತಾರೆ. ಸ್ಟೆಂಟ್ ಬಿಚ್ಚಿಕೊಂಡು ಗೋಡೆಗೆ ಅಂಟುತ್ತದೆ. ಆಮೇಲೆ ದ್ರವ ಎಳೆದು ಬಲೂನ್ ಹೊರಗೆ ತರುತ್ತಾರೆ. ಆ ಕೆಲವು ಸೆಕೆಂಡು ಹೃದಯದ ಆ ಭಾಗಕ್ಕೆ ರಕ್ತ ನಿಂತಿರುತ್ತದೆ. ಬಲೂನ್ ಕುಗ್ಗದಿದ್ದರೆ? ಬಾಟಲಿ ಬಾಯಿಗೆ ಬಿರಡೆ ಸಿಕ್ಕಿಕೊಂಡ ಹಾಗೆ. ಆಗಲೇ ಸರಿಯಾಗಿ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಹೋದವರಿಗೆ ಈ ರೀಕಾಲ್‌ನಿಂದ ಏನೂ ಇಲ್ಲ. ಬಲೂನ್ ಅವತ್ತೇ ಕಸದ ಡಬ್ಬಿ ಸೇರಿತ್ತು.

ಕ್ಯಾಥೆಟರ್ ತುದಿಯ ಕಥೆ ಬೇರೆ. ಕುಕ್ ಕಂಪನಿಯ ಬೀಕನ್ ಟಿಪ್ ಕ್ಯಾಥೆಟರ್‌ಗಳ ತುದಿಯ ಪ್ಲಾಸ್ಟಿಕ್ ಹದಗೆಟ್ಟು ಬಿರುಕು ಬಿಡುತ್ತಿತ್ತು. 2015ರಲ್ಲಿ ಕೆಲವು ಲಾಟ್‌ಗಳಿಂದ ಶುರುವಾಯಿತು. 2016ರ ಏಪ್ರಿಲ್ ಹೊತ್ತಿಗೆ 41 ಲಕ್ಷಕ್ಕೂ ಹೆಚ್ಚು ಕ್ಯಾಥೆಟರ್ ವಾಪಸ್ ಕರೆಸುವ ಮಟ್ಟಕ್ಕೆ ಬಂತು. ಮುರಿದ ತುಂಡು ರಕ್ತದ ಜೊತೆ ತೇಲಿ ಹೋದರೆ ಅದನ್ನು ಹಿಡಿಯಲು ಇನ್ನೊಂದು ಬಲೆ ಹಾಕಬೇಕು.

ಲೇಪನವಂತೂ ಹಳೇ ಗೋಳು. ಗೈಡ್‌ವೈರ್, ಕ್ಯಾಥೆಟರ್‌ಗಳಿಗೆ ನೀರು ಸೋಕಿದರೆ ಲೋಳೆಯ ಹಾಗೆ ಜಾರುವ ಲೇಪನ ಇರುತ್ತದೆ. ಅದಿಲ್ಲದೆ ಡೊಂಕು ರಕ್ತನಾಳದಲ್ಲಿ ತೂರಿಸುವುದೇ ಕಷ್ಟ. ಅದು ಚಕ್ಕೆಯಾಗಿ ಉದುರಬಹುದು ಎಂದು ಎಫ್‌ಡಿಎ 2015ರ ನವೆಂಬರ್‌ನಲ್ಲಿ ಎಚ್ಚರಿಸಿತು. 2014ರ ಆರಂಭದಿಂದ ಅಲ್ಲಿಯವರೆಗೆ ಇದೇ ಕಾರಣಕ್ಕೆ 11 ರೀಕಾಲ್ ಆಗಿದ್ದವು. ಲೇಪನ ಬೇಡ ಅನ್ನುವ ಹಾಗೂ ಇಲ್ಲ. ಬೆಣ್ಣೆ ಹಚ್ಚದೆ ಕಾವಲಿ ಮೇಲೆ ದೋಸೆ ಎಬ್ಬಿಸಿದ ಹಾಗಾಗುತ್ತದೆ.

ಕರಗೋ ಸ್ಟೆಂಟ್ ಅಂತ ಹಾಕಿದ್ರು. ಅದು ಬ್ಯಾನ್ ಆಯ್ತಂತೆ, ನಿಜವಾ?

ಬ್ಯಾನ್ ಅಲ್ಲ. ನೀವು ಹೇಳುತ್ತಿರುವುದು ಅಬಾಟ್ ಕಂಪನಿಯ ಅಬ್ಸಾರ್ಬ್ ಇರಬೇಕು. ಲೋಹದ ಬದಲು, ಸುಮಾರು ಮೂರು ವರ್ಷದಲ್ಲಿ ಕರಗುವ ಪಾಲಿಮರ್‌ನಿಂದ ಮಾಡಿದ್ದು. ಎಫ್‌ಡಿಎ 2016ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತು. 2017ರ ಮಾರ್ಚ್‌ನಲ್ಲೇ ಡಾಕ್ಟರುಗಳಿಗೆ ಎಚ್ಚರಿಕೆ ಪತ್ರ ಬರೆಯಿತು. ಎರಡು ವರ್ಷದ ಲೆಕ್ಕದಲ್ಲಿ ಹೃದಯದ ದೊಡ್ಡ ತೊಂದರೆಗಳು ಅಬ್ಸಾರ್ಬ್ ಹಾಕಿದವರಲ್ಲಿ ಶೇ. 11, ಲೋಹದ ಸ್ಟೆಂಟ್ ಹಾಕಿದವರಲ್ಲಿ ಶೇ. 7.9 ಇತ್ತು. ಅದೇ ಸೆಪ್ಟೆಂಬರ್‌ನಲ್ಲಿ ಕಂಪನಿ ಮಾರಾಟ ನಿಲ್ಲಿಸಿತು. ವ್ಯಾಪಾರ ಕಡಿಮೆ ಅಂತ ಕಾರಣ ಕೊಟ್ಟಿತು.

ಕರಗುವ ವಸ್ತು ಲೋಹದಷ್ಟು ಗಟ್ಟಿ ಅಲ್ಲ, ಹಾಗಾಗಿ ಅದರ ಎಳೆಗಳನ್ನು ದಪ್ಪ ಮಾಡಬೇಕಾಯಿತು. ಲೋಹದ್ದಕ್ಕಿಂತ ಹೆಚ್ಚು ಕಡಿಮೆ ಎರಡು ಪಟ್ಟು. ದಪ್ಪ ಎಳೆ ಸಣ್ಣ ರಕ್ತನಾಳದಲ್ಲಿ ರಕ್ತದ ಓಟಕ್ಕೆ ಅಡ್ಡ ಬರುತ್ತದೆ. ಈಗ ನಿಮಗೆ ಹಾಕಿದ್ದು ಕರಗಿ ಹೋಗಿರುತ್ತದೆ. ಗಾಬರಿ ಬೇಡ, ಮಾಮೂಲಿ ಚೆಕಪ್ ಬಿಡಬೇಡಿ.

ಅಮ್ಮ ಮಗನ ಜೊತೆ ಅಮೆರಿಕದಲ್ಲಿದ್ದಾರೆ. ಅಲ್ಲಿ ಹಾಕಿದ ಅಯೋರ್ಟಾ ಗ್ರಾಫ್ಟ್ ರೀಕಾಲ್ ಅಂತ ಪತ್ರ ಬಂದಿದೆ. ಏನ್ಮಾಡೋದು?

ಮೇಲೆ "ಬೀರುವಿನಲ್ಲಿ ನಡೆಯುತ್ತದೆ" ಅಂದೆನಲ್ಲ, ಅದಕ್ಕೆ ಇದು ಹೊರತು. ಗ್ರಾಫ್ಟ್ ಅಂದರೆ ಲೋಹದ ಬಳೆಗಳಿಗೆ ಬಟ್ಟೆ ಹೊಲಿದ ಕೊಳವೆ. ಉಬ್ಬಿದ ಅಯೋರ್ಟಾದೊಳಗೆ ಇಟ್ಟರೆ ರಕ್ತ ಕೊಳವೆಯಲ್ಲೇ ಹರಿಯುತ್ತದೆ, ಉಬ್ಬಿನ ಮೇಲೆ ಒತ್ತಡ ಬೀಳುವುದಿಲ್ಲ. ಬಳೆ ಮುರಿದರೆ, ಬಟ್ಟೆ ಹರಿದರೆ ರಕ್ತ ಮತ್ತೆ ಉಬ್ಬಿಗೆ ಸೋರುತ್ತದೆ. ಈ ದೋಷ ಮನುಷ್ಯನ ಒಳಗೇ ಕೂತಿರುತ್ತದೆ.

2021ರ ಫೆಬ್ರವರಿಯಲ್ಲಿ ಮೆಡ್‌ಟ್ರಾನಿಕ್ ತನ್ನ ವೇಲಿಯಂಟ್ ನೇವಿಯನ್ ಗ್ರಾಫ್ಟನ್ನು ಜಗತ್ತಿನ ಎಲ್ಲ ಕಡೆಯಿಂದ ವಾಪಸ್ ಕರೆಸಿತು. ಅಧ್ಯಯನದಲ್ಲಿದ್ದ ಮೂವರಲ್ಲಿ ಬಳೆ ಮುರಿದಿತ್ತು, ಒಬ್ಬರು ತೀರಿಕೊಂಡಿದ್ದರು. ಹಳೇ ಸ್ಕ್ಯಾನ್‌ಗಳನ್ನು ಮತ್ತೆ ನೋಡಿದಾಗ 87 ಜನರಲ್ಲಿ 7 ಮಂದಿಯ ಬಳೆ ಹಿಗ್ಗಿತ್ತು. ಇಂಥ ಪತ್ರ ಬಂದರೆ ಓದಿ ಎತ್ತಿಡಬೇಡಿ. ಪತ್ರದಲ್ಲಿರುವ ಮಾಡೆಲ್ ಕಾರ್ಡಿನ ಮಾಡೆಲ್‌ಗೆ ಹೊಂದುತ್ತಾ ನೋಡಿ, ರಕ್ತನಾಳದ ಸರ್ಜನ್‌ಗೆ ತೋರಿಸಿ, ಸ್ಕ್ಯಾನ್ ಯಾವಾಗ ಅಂತ ಕೇಳಿ. ಇಲ್ಲಿಗೆ ವಾಪಸ್ ಬರುವುದಿದ್ದರೆ ಹಳೇ ಸಿಟಿ ಸ್ಕ್ಯಾನ್‌ಗಳ ಸಿಡಿ ತರಲು ಹೇಳಿ. ರಿಪೋರ್ಟ್ ಕಾಗದ ಸಾಲದು. ಹಿಂದಿನ ಚಿತ್ರದ ಪಕ್ಕ ಇಟ್ಟು ನೋಡಿದರೆ ಮಾತ್ರ ಬಳೆ ಹಿಗ್ಗಿದ್ದು ಗೊತ್ತಾಗುವುದು.

ಕ್ಲಾಸ್ 1 ಅಂತ ಹಾಕಿದಾರೆ. ಫಸ್ಟ್ ಕ್ಲಾಸ್ ಅಂದ್ರೆ ಒಳ್ಳೇದಲ್ವಾ?

ಉಲ್ಟಾ. ಎಫ್‌ಡಿಎ ಲೆಕ್ಕದಲ್ಲಿ ಕ್ಲಾಸ್ 1 ಎಲ್ಲಕ್ಕಿಂತ ಗಂಭೀರ, ಸಾವು ಅಥವಾ ದೊಡ್ಡ ಗಾಯ ಆಗುವ ಸಾಧ್ಯತೆ ಇದೆ ಅಂತ. ಕ್ಲಾಸ್ 3 ಸೌಮ್ಯ, ಲೇಬಲ್ ತಪ್ಪಿನಂಥದ್ದು. ನಮ್ಮ ದೇಶದ ಎ, ಬಿ, ಸಿ, ಡಿ ವರ್ಗಗಳ ಜೊತೆ ಇದನ್ನು ಕಲಸಬೇಡಿ. ಅವು ರೀಕಾಲ್‌ನ ವರ್ಗ ಅಲ್ಲ, ಸಾಮಾನಿನ ವರ್ಗ. ಹಾರ್ಟ್ ಸ್ಟೆಂಟ್ ಅತಿ ಹೆಚ್ಚು ಅಪಾಯದ ಡಿ ವರ್ಗದಲ್ಲಿದೆ.

ಕಾಲಲ್ಲಿ ಹೆಪ್ಪುಗಟ್ಟಿತ್ತು ಅಂತ ಹೊಟ್ಟೆಯೊಳಗೆ ಫಿಲ್ಟರ್ ಹಾಕಿದ್ರು. ಐದು ವರ್ಷ ಆಯ್ತು. ಹಾಗೇ ಇರ್ಲಾ?

ಈ ವಾರವೇ ಹೋಗಿ ಕೇಳಿ. ಹೊಟ್ಟೆಯಲ್ಲಿ ಹೃದಯಕ್ಕೆ ರಕ್ತ ವಾಪಸ್ ಒಯ್ಯುವ ದೊಡ್ಡ ರಕ್ತನಾಳದಲ್ಲಿ (ಐವಿಸಿ) ಕೂರಿಸುವ ಐವಿಸಿ ಫಿಲ್ಟರ್ ಕೊಡೆಯ ಕಡ್ಡಿಗಳ ಹಾಗಿರುತ್ತದೆ. ಕಾಲಿನಿಂದ ಶ್ವಾಸಕೋಶಕ್ಕೆ ಹೋಗುವ ಹೆಪ್ಪನ್ನು ದಾರಿಯಲ್ಲೇ ತಡೆಯುತ್ತದೆ. ಅದರಲ್ಲಿ ತೆಗೆಯಬಹುದಾದ ಜಾತಿಯೂ ಇದೆ. ಗೋಳೇನೆಂದರೆ, ಹಾಕಿದವರು ಮರೆಯುತ್ತಾರೆ, ಹಾಕಿಸಿಕೊಂಡವರಿಗೆ ತೆಗೆಸಬೇಕು ಅನ್ನುವುದೇ ಗೊತ್ತಿರುವುದಿಲ್ಲ. ಎಫ್‌ಡಿಎ 2010ರ ಆಗಸ್ಟ್‌ನಲ್ಲಿ ಲೆಕ್ಕ ಕೊಟ್ಟಿತು: 2005ರಿಂದ ಬಂದ 921 ದೂರುಗಳಲ್ಲಿ 328 ಫಿಲ್ಟರ್ ಜಾಗ ಬಿಟ್ಟು ಸರಿದದ್ದು, 146 ಅದರ ತುಂಡು ಕಳಚಿ ತೇಲಿ ಹೋದದ್ದು, 70 ರಕ್ತನಾಳ ತೂತಾದದ್ದು, 56 ಮುರಿದದ್ದು. ಅಪಾಯ ಕಳೆದ ಮೇಲೆ ತೆಗೆಯುವುದು ಒಳ್ಳೆಯದು ಅಂತಲೂ ಹೇಳಿತು. ಕೆಲವರಿಗೆ ಅದು ಕಾಯಂ ಇರಬೇಕಾಗುತ್ತದೆ. ನೀವು ಯಾವ ಗುಂಪು ಅನ್ನುವುದನ್ನು ಡಾಕ್ಟರ್ ಬಾಯಿಂದ ಕೇಳಿಕೊಂಡು ಬನ್ನಿ.

ಔಷಧ ಸವರಿದ ಬಲೂನ್ ಕಾಲಿಗೆ ಹಾಕಿದ್ರೆ ಸಾವು ಜಾಸ್ತಿ ಅಂತ ಓದಿದ್ದೆ?

ಓದಿದ್ದು 2018ರ ಕೊನೆಯ ಸುದ್ದಿ. ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಔಷಧ ಲೇಪಿಸಿದ ಬಲೂನ್, ಸ್ಟೆಂಟ್‌ಗಳ ಬಗ್ಗೆ ಹಲವು ಅಧ್ಯಯನ ಒಟ್ಟು ಮಾಡಿ ನೋಡಿದವರು ಕೆಲವು ವರ್ಷದ ನಂತರ ಸಾವು ಹೆಚ್ಚು ಕಾಣುತ್ತಿದೆ ಅಂದರು. 2019ರಲ್ಲಿ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. ರೀಕಾಲ್ ಆಗಲಿಲ್ಲ. ಇನ್ನಷ್ಟು ವರ್ಷದ ಮಾಹಿತಿ ಸೇರಿಸಿ ನೋಡಿ, 2023ರ ಜುಲೈನಲ್ಲಿ ಸಾವು ಹೆಚ್ಚುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ ಅಂತ ಹೇಳಿತು. ಮೊದಲ ಸುದ್ದಿ ಮನೆಮನೆ ಮುಟ್ಟಿತ್ತು. ಎರಡನೆಯದು ನಿಮಗೇ ಮುಟ್ಟಿಲ್ಲ ನೋಡಿ.

## ಒಳಗಿನ ವಿಷಯ, ಕಾನೂನು

ರೀಕಾಲ್ ಬಂದ ದಿನ ಆಸ್ಪತ್ರೆಲಿ ಏನು ನಡೆಯುತ್ತೆ?

ಒಂದು ಸಂಜೆಯದ್ದು ಹೇಳುತ್ತೇನೆ. ಡೀಲರ್ ಕಡೆಯ ಹುಡುಗ ಫೋನ್ ಮಾಡಿ, "ಅಣ್ಣಾ, ಮೇಲ್ ಕಳಿಸಿದೀನಿ, ಆರು ಲಾಟ್ ಹೋಲ್ಡ್ ಮಾಡಿ" ಅಂದ. ಗೈಡ್‌ವೈರ್. ಕಂಪ್ಯೂಟರಿನಲ್ಲಿ 14 ಇದೆ ಅಂತ ತೋರಿಸಿತು. ಬೀರುವಿನಲ್ಲಿ ಸಿಕ್ಕಿದ್ದು 11. ಒಂದು ಎಮರ್ಜೆನ್ಸಿ ಟ್ರಾಲಿಯ ಕೆಳಗಿನ ಡ್ರಾಯರಿನಲ್ಲಿತ್ತು. ಇನ್ನೊಂದನ್ನು ಪಕ್ಕದ ಲ್ಯಾಬಿನವರು ಸಾಲ ಒಯ್ದಿದ್ದರು, ಎಲ್ಲೂ ಬರೆದಿರಲಿಲ್ಲ. ಹದಿನಾಲ್ಕನೆಯದು ಆ ಬೆಳಿಗ್ಗೆಯೇ ಬಳಕೆಯಾಗಿತ್ತು. ಅದರ ಸ್ಟಿಕ್ಕರ್ ಕೇಸ್ ಶೀಟಿನಲ್ಲಿ ಇರಲಿಲ್ಲ, ಸಿಸ್ಟರ್ ಒಬ್ಬರ ಕೈಗವಸಿಗೆ ಅಂಟಿಕೊಂಡು ಕಸಕ್ಕೆ ಹೋಗಿತ್ತು. ಅದೃಷ್ಟಕ್ಕೆ ರೋಗಿ ಚೆನ್ನಾಗಿದ್ದರು. ಅವರಿಗೆ ಹೇಳಿದರಾ ಅಂದರೆ, ಇಲ್ಲ. "ತಂತಿ ಹೊರಗೆ ಬಂದಿದೆ, ಸುಮ್ನೆ ಯಾಕೆ ಹೆದರಿಸೋದು" ಅಂದರು. ಅದರಲ್ಲಿ ಅರ್ಧ ನ್ಯಾಯ ಇದೆ. ಇನ್ನರ್ಧ ಇವತ್ತಿಗೂ ನನಗೆ ಚುಚ್ಚುತ್ತದೆ.

ನಮ್ಮ ದೇಶದಲ್ಲಿ ಇದನ್ನ ನೋಡೋರು ಯಾರಾದ್ರೂ ಇದಾರಾ?

ಇದ್ದಾರೆ. ಸ್ಟೆಂಟ್, ಕ್ಯಾಥೆಟರ್‌ಗಳು 2005ರ ಅಕ್ಟೋಬರ್‌ನಿಂದಲೇ ಔಷಧ ಕಾಯ್ದೆಯ ಕೆಳಗೆ ಬಂದವು. ಈಗ ನಡೆಯುವುದು 2017ರ ವೈದ್ಯಕೀಯ ಸಾಧನಗಳ ನಿಯಮ, 2018ರ ಜನವರಿ 1ರಿಂದ ಜಾರಿಯಲ್ಲಿದೆ. ಅದರ 89ನೇ ನಿಯಮದ ಪ್ರಕಾರ, ಸಾಧನ ಅಪಾಯ ಅನ್ನಿಸಿದರೆ ಕಂಪನಿ ಅಥವಾ ಆಮದು ಏಜೆಂಟ್ ತಕ್ಷಣ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲು ಶುರು ಮಾಡಬೇಕು. ಮೇಲುಸ್ತುವಾರಿ ದೆಹಲಿಯ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒದ್ದು. ಅಡ್ಡಪರಿಣಾಮದ ದೂರು ಕೂಡಿಸಲು 2015ರ ಜುಲೈನಲ್ಲಿ ಮಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಶುರುವಾಯಿತು, ಅದು ಗಾಜಿಯಾಬಾದಿನ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್ ಕೈಯಲ್ಲಿದೆ.

ನಾನೇ ದೂರು ಕೊಡಬಹುದಾ, ಡಾಕ್ಟರೇ ಕೊಡಬೇಕಾ?

ನೀವೂ ಕೊಡಬಹುದು. ಮಟೀರಿಯೋವಿಜಿಲೆನ್ಸ್ ಫಾರಂ ತುಂಬಿ ಕಳಿಸಬಹುದು. ಲಾಟ್ ನಂಬರ್, ಆದ ದಿನಾಂಕ, ಆದದ್ದೇನು, ಈ ಮೂರು ಇದ್ದರೆ ದೂರಿಗೆ ತೂಕ. "ಸ್ಟೆಂಟ್ ಸರಿ ಇಲ್ಲ" ಅಂತ ಒಂದು ಸಾಲು ಬರೆದರೆ ಯಾರೂ ಏನೂ ಮಾಡಲಾರರು.

ಕಂಪನಿಗಳು ಮುಚ್ಚಿಡಲ್ವಾ? ತಮ್ಮ ಮಾಲು ಕೆಟ್ಟಿದೆ ಅಂತ ಯಾರು ಹೇಳ್ಕೋತಾರೆ?

ಮುಚ್ಚಿಟ್ಟ ದಾಖಲೆ ಇದೆ. ಗೈಡೆಂಟ್ ಕಂಪನಿಯ ಅಂಗಸಂಸ್ಥೆ ಎಂಡೋವಾಸ್ಕುಲರ್ ಟೆಕ್ನಾಲಜೀಸ್, ಹೊಟ್ಟೆಯ ಅಯೋರ್ಟಾ ಉಬ್ಬಿಗೆ ಆನ್‌ಕ್ಯೂರ್ ಅನ್ನುವ ಗ್ರಾಫ್ಟ್ ಮಾರುತ್ತಿತ್ತು. 1999ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಗ್ರಾಫ್ಟ್ ಕೂರಿಸುವ ಉಪಕರಣ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಆಗ ಅದರ ಹಿಡಿ ಮುರಿದು ತುಂಡು ತುಂಡಾಗಿ ಎಳೆಯುವ ಉಪಾಯವನ್ನು ಮಾರಾಟ ಪ್ರತಿನಿಧಿಗಳೇ ಆಪರೇಷನ್ ಥಿಯೇಟರಿನಲ್ಲಿ ಸರ್ಜನ್‌ಗಳಿಗೆ ಹೇಳಿಕೊಡುತ್ತಿದ್ದರು. ಎಫ್‌ಡಿಎಗೆ ಅದರ ಸುಳಿವೇ ಇರಲಿಲ್ಲ. ಕಂಪನಿ ವರದಿ ಮಾಡಿದ್ದು 172 ಘಟನೆ. ಮಾಡದೆ ಉಳಿಸಿಕೊಂಡಿದ್ದು 2,628.

ಹೊರಗೆ ಬಂದದ್ದು ಒಳಗಿನವರಿಂದಲೇ. 2000ನೇ ಇಸವಿಯಲ್ಲಿ ಏಳು ಜನ ನೌಕರರು ಹೆಸರು ಹಾಕದೆ ಎಫ್‌ಡಿಎಗೆ ಪತ್ರ ಬರೆದರು. 2001ರ ಮಾರ್ಚ್‌ನಲ್ಲಿ ಮಾರಾಟ ನಿಂತಿತು. 2003ರ ಜೂನ್‌ನಲ್ಲಿ ಕಂಪನಿ 10 ಕ್ರಿಮಿನಲ್ ಆರೋಪ ಒಪ್ಪಿಕೊಂಡು 9.24 ಕೋಟಿ ಡಾಲರ್ ಕಟ್ಟಿತು. ವರದಿ ಮಾಡದ ಘಟನೆಗಳಲ್ಲಿ 12 ಸಾವುಗಳೂ ಇದ್ದವು. ಎಲ್ಲ ಕಂಪನಿಯೂ ಹೀಗೆ ಅನ್ನಲಾರೆ. ತಾವಾಗಿ ಮೊದಲು ಹೇಳಿದವರನ್ನೂ ನೋಡಿದ್ದೇನೆ. ಹಾಗಾಗಿ ರೀಕಾಲ್ ಮಾಡಿದ ಕಂಪನಿ ಕೆಟ್ಟದ್ದು, ಮಾಡದ್ದು ಒಳ್ಳೆಯದು ಅನ್ನುವ ಲೆಕ್ಕ ನನಗೆ ಒಪ್ಪಿಗೆ ಇಲ್ಲ.

ಪರಿಹಾರ ಸಿಗುತ್ತಾ?

ರೀಕಾಲ್ ಆಯಿತು ಅಂತ ತಾನಾಗಿ ಬರುವುದಿಲ್ಲ. ರಕ್ತನಾಳದ್ದಲ್ಲದಿದ್ದರೂ ಸೊಂಟದ ಕೀಲಿನ ಉದಾಹರಣೆ ಇಲ್ಲಿ ಹೇಳಲೇಬೇಕು. ಜಾನ್ಸನ್ ಅಂಡ್ ಜಾನ್ಸನ್‌ನ ಎಎಸ್‌ಆರ್ ಕೀಲು 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ರೀಕಾಲ್ ಆಯಿತು. ಭಾರತದಲ್ಲಿ ಸುಮಾರು 4,700 ಜನರಿಗೆ ಹಾಕಿದ್ದರು. ಅವರಲ್ಲಿ 3,600ರಷ್ಟು ಜನರ ಪತ್ತೆಯೇ ಇಲ್ಲ ಅಂತ ಸರ್ಕಾರಿ ಸಮಿತಿಗೆ ಗೊತ್ತಾಯಿತು. 2018ರಲ್ಲಿ ಸರ್ಕಾರ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗೆ ಪರಿಹಾರದ ಲೆಕ್ಕ ಹಾಕಿತು. ಯಾರಿಗೆ ಕೊಡುವುದು? ಕಾಗದ ಇದ್ದವರು ಬಂದರು. 2019ರ ಗ್ರಾಹಕ ಕಾಯ್ದೆಯಲ್ಲಿ ಕೆಟ್ಟ ಸಾಮಾನಿಗೆ ತಯಾರಕರನ್ನು ಹೊಣೆ ಮಾಡುವ ಅಧ್ಯಾಯ ಇದೆ. ಅಲ್ಲಿಗೆ ಹೋದರೂ ಮೊದಲ ದಿನ ಕೇಳುವುದು ಬಿಲ್ಲು, ಲಾಟ್ ನಂಬರ್.

ಒಬ್ಬರಿಗೆ ಬಳಸಿದ ಬಲೂನ್ ತೊಳೆದು ಇನ್ನೊಬ್ಬರಿಗೆ ಹಾಕ್ತಾರಂತೆ?

ಎಲ್ಲೆಲ್ಲಿ ಅಂತ ಹೆಸರಿಟ್ಟು ಹೇಳಲಾರೆ, ಆದರೆ ಈ ರೂಢಿ ಇಲ್ಲವೇ ಇಲ್ಲ ಅನ್ನಲಾರೆ. ಡಬ್ಬಿ ಮೇಲೆ 2 ಅಂಕಿ ಬರೆದು ಅದರ ಮೇಲೆ ಅಡ್ಡಗೆರೆ ಎಳೆದ ಗುರುತು ಇದ್ದರೆ ಒಂದೇ ಸಲಕ್ಕೆ ಅಂತ ಅರ್ಥ. ಸೋಂಕಿನ ಭಯ ಒಂದು ಕಡೆ. ರೀಕಾಲ್ ಕಣ್ಣಿಂದ ನೋಡಿದರೆ ಇನ್ನೊಂದು ತೊಡಕಿದೆ. ತೊಳೆದು ಬೇರೆ ಕವರಿಗೆ ಹಾಕಿದ ಬಲೂನಿಗೆ ಡಬ್ಬಿ ಇಲ್ಲ, ಸ್ಟಿಕ್ಕರ್ ಇಲ್ಲ. ನೋಟಿಸ್ ಬಂದ ದಿನ ಅದು ಯಾವ ಲಾಟಿನದು ಅಂತ ಹೇಳಲು ಯಾರಿಗೂ ಆಗುವುದಿಲ್ಲ. ಆಂಜಿಯೋಪ್ಲಾಸ್ಟಿಗೆ ಮುಂಚೆ, "ಹೊಸ ಡಬ್ಬಿ ಒಡೆದು ಹಾಕಿ, ಖಾಲಿ ಡಬ್ಬಿ ನಮಗೆ ಕೊಡಿ" ಅಂತ ಕೇಳಿ. ನಮ್ಮ ಕಡೆ ಒಬ್ಬ ಅಜ್ಜಿ ಹಾಗೆ ಕೇಳಿ ಇಸ್ಕೊಂಡ ಡಬ್ಬಿಯಲ್ಲಿ ಈಗಲೂ ದಾರ, ಸೂಜಿ ಇಟ್ಟಿದ್ದಾರೆ. ಸ್ಟಿಕ್ಕರ್ ಮುಚ್ಚಳದ ಒಳಗೆ ಭದ್ರವಾಗಿದೆ.